ಮೀನಿನ ತೊಟ್ಟಿಯಲ್ಲಿ ದೋಸೆ ಸಟ್ಟುಗ

ಪಂಪು ನಿಂತು ನೀರು ಕೊಳೆಯಬಹುದಿತ್ತು. ಶುಕ್ರವಾರ ಹೋದ ಕರೆಂಟು ಶನಿವಾರವೂ ಬಾರದಿರಬಹುದಿತ್ತು. ತೊಟ್ಟಿಯ ಗಾಜು ಬಿರಿದು, ಅಷ್ಟೂ ಉಪ್ಪುನೀರು ಕೆಳಗಿನ ಮನೆಯ ಕುಲಕರ್ಣಿಯವರ ಹೊಸ ಪಿಒಪಿ ಛಾವಣಿಯ ಮೂಲಕ ಅವರ ಊಟದ ಮೇಜಿಗೆ ಇಳಿಯಬಹುದಿತ್ತು. ಎಂಐಡಿಸಿ ಕಾರ್ಖಾನೆಗಳ ಕಡೆಯಿಂದ ಬೀಸುವ ಆ ಹೆಸರಿಲ್ಲದ ವಾಸನೆ, ಗುಳ್ಳೆ ಬಿಡುವ ಕೊಳವೆಯೊಳಗೆ ಹೊಕ್ಕು ನೀರಿನಲ್ಲಿ ಕರಗಬಹುದಿತ್ತು. ನಾನೇ ಕನ್ನಡಕ ಮರೆತು ಮೀನಿನ ಆಹಾರದ ಬದಲು ಹಿಂಗಿನ ಡಬ್ಬಿ ತೆರೆಯಬಹುದಿತ್ತು. ಮಗಳು ಶ್ರಾವ್ಯ ಎರಡು ವಾರದ ಆಫೀಸ್ ಟ್ರೇನಿಂಗಿಗೆಂದು ಪುಣೆಗೆ ಹೊರಟು, ಅವಳ ಜೋಡಿ ಕ್ಲೌನ್‌ಫಿಶ್‌ಗಳ ಉಸ್ತುವಾರಿ ನನ್ನ ಪಾಲಿಗೆ ಬಂದ ದಿನವೇ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ಕೆಲಸ ಬಾಕಿ ಇಡುವವನಲ್ಲ.

ಆದರೆ ಮೀನು ಮರಳು ಅಗೆಯಬಹುದು ಎಂಬುದೊಂದು ನನಗೆ ಹೊಳೆದಿರಲಿಲ್ಲ.

ನಮ್ಮದು ಉಡುಪಿ ಕಡೆಯ ಸಸ್ಯಾಹಾರಿ ಮನೆ. ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕೂತೇ ನನ್ನ ಕೂದಲು ಬೆಳ್ಳಗಾಗಿದೆ. ಇಂಥ ಮನೆಗೆ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಎರಡು ಮೀನುಗಳು ಬಂದದ್ದು ಶ್ರಾವ್ಯಳ ಹಟದಿಂದ. ನನ್ನ ಹೆಂಡತಿ ವಸುಧಾ ಹಾಕಿದ್ದು ಒಂದೇ ಷರತ್ತು: ತೊಟ್ಟಿ ಮಗಳ ಕೋಣೆಯಲ್ಲಿರಬೇಕು, ಅದಕ್ಕೆ ತಾಗಿದ ಯಾವುದೂ ಅಡುಗೆಮನೆಗೆ ಬರಕೂಡದು. ಹೊರಡುವಾಗ ಮಗಳೂ ಒಂದು ಷರತ್ತು ಹಾಕಿದಳು. "ಪಪ್ಪಾ, ದಿನಕ್ಕೆರಡು ಸಲ ಖಾನಾ ಹಾಕಿ, ಬಸ್. ಬಾಕಿ ಕುಛ್ ಮತ್ ಕರೋ." ಏನೂ ಮಾಡದಿರುವಷ್ಟು ಕಷ್ಟದ ಕೆಲಸವನ್ನು ನನಗೆ ಈವರೆಗೆ ಯಾರೂ ವಹಿಸಿರಲಿಲ್ಲ.

ಇನ್ನೊಂದು ವಿಷಯವೂ ನಮ್ಮ ನಡುವೆ ಅರ್ಧಕ್ಕೆ ನಿಂತಿತ್ತು. ಅವಳ ಕೆಲಸ ರಬಾಳೆಯಲ್ಲಿ. ಇಲ್ಲಿಂದ ಥಾಣೆಗೆ ಒಂದು ಲೋಕಲ್, ಅಲ್ಲಿ ಸೇತುವೆ ಹತ್ತಿಳಿದು ಇನ್ನೊಂದು. ಗೆಳತಿಯ ಜೊತೆ ಆಫೀಸಿಗೆ ಹತ್ತಿರದ ಐರೋಲಿಯಲ್ಲಿ ಬಾಡಿಗೆ ಮನೆ ಹಿಡಿಯುತ್ತೇನೆ ಎಂದು ಬಹಳ ದಿನಗಳಿಂದ ಹೇಳುತ್ತಿದ್ದಳು. ನಾನೇನು ಬೇಡ ಅಂದವನಲ್ಲ. ಮಳೆಯ ಜೋರು ಇಳಿಯಲಿ ಅಂದೆ. ಜೋರು ಇಳಿದಾಗ ಗಣಪತಿ ಹಬ್ಬ ಆಗಲಿ ಅಂದೆ. ಅದೂ ಆದಾಗ ದೀಪಾವಳಿ ಕಾಣಿಸಿತು. ಪುಣೆಯಿಂದ ಬಂದೊಡನೆ ಉತ್ತರ ಬೇಕು ಎಂದು ಹೇಳಿಯೇ ಈ ಸಲ ಬ್ಯಾಗು ಎತ್ತಿದ್ದಳು.

ಅವಳು ಹೋದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ತೊಟ್ಟಿಯ ನೀರೆಲ್ಲ ಕದಡಿದೆ. ಎರಡರಲ್ಲಿ ದೊಡ್ಡದಾದ ಮೀನು ಮೂಲೆಯಲ್ಲಿ ಓರೆಯಾಗಿ ನಿಂತು, ಬಾಲವನ್ನು ಬೀಸಣಿಗೆಯ ಹಾಗೆ ಬಡಿದು ಮರಳು ಹಾರಿಸುತ್ತಿದೆ. ನಡುನಡುವೆ ಬಾಯಿ ತುಂಬ ಮರಳು ಕಚ್ಚಿ ಒಯ್ದು ಆಚೆ ಉಗಿಯುತ್ತಿದೆ. ಒಂದು ಕಡೆ ಹೊಂಡ, ಇನ್ನೊಂದು ಕಡೆ ಗುಡ್ಡ. ಹಸಿವೆಯೋ? ಮೈ ತುರಿಕೆಯೋ? ಕೆಳಗೆ ಏನಾದರೂ ಕೊಳೆತಿದೆಯೋ? ನಮ್ಮ ಕಡೆ ಯಾರಾದರೂ ಅಗೆಯುತ್ತಿದ್ದರೆ ನಮಗೆ ಆಶ್ಚರ್ಯವಾಗುವುದಿಲ್ಲ, ನಿಜ. ಕಲ್ಯಾಣದಿಂದ ಘೋಡಬಂದರ್ ರಸ್ತೆಯವರೆಗೆ ಇಂದು ನೀರಿನ ಪೈಪಿಗೆ, ನಾಳೆ ಗ್ಯಾಸಿಗೆ, ನಾಡಿದ್ದು ಮೆಟ್ರೊಗೆ ಅಗೆಯುತ್ತಲೇ ಇರುತ್ತಾರೆ. ಆದರೆ ಅವರಾದರೂ ಪಕ್ಕದಲ್ಲಿ ಒಂದು ಬೋರ್ಡು ಇಟ್ಟಿರುತ್ತಾರೆ.

ತಟ್ಟೆಗೆ ಹೊಯ್ದ ಶೀರಾವನ್ನು ಸಟ್ಟುಗದ ಬೆನ್ನಿನಿಂದ ಮಟ್ಟ ಮಾಡುವುದನ್ನು ವರ್ಷಗಟ್ಟಲೆ ನೋಡಿದ ಕಣ್ಣು ನನ್ನದು. ಏರುಪೇರು ಸಹಿಸದು. ವಸುಧಾ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅಡುಗೆಮನೆಯಿಂದ ದೋಸೆ ಮಗಚುವ ಮರದ ಸಟ್ಟುಗ ತಂದು, ತೊಟ್ಟಿಗೆ ಇಳಿಸಿ, ಮರಳನ್ನು ಚೊಕ್ಕವಾಗಿ ಮಟ್ಟ ಮಾಡಿದೆ. ಸಂಜೆಗೆ ಹೊಂಡ ಮತ್ತೆ ಹಾಜರು. ಮರುದಿನ ಮತ್ತೆ ಮಟ್ಟ, ಮತ್ತೆ ಹೊಂಡ. ಹೀಗೆ ನಡೆದು ಒಂದು ದಿನ ದೊಡ್ಡ ಮೀನು ನೇರ ಬಂದು ನನ್ನ ಮಣಿಕಟ್ಟನ್ನು ಕಚ್ಚಿತು. ಹೆಬ್ಬೆರಳಿನಷ್ಟೂ ಉದ್ದವಿಲ್ಲದ ಪ್ರಾಣಿ. ನಾನು ಬೆಚ್ಚಿ ಕೈ ಎಳೆದುಕೊಂಡ ರಭಸಕ್ಕೆ ಸಟ್ಟುಗ ಗಾಜಿಗೆ ಬಡಿದು, ಆ ಸದ್ದಿಗೆ ವಸುಧಾ ಬಂದಳು. ನನ್ನನ್ನು ನೋಡಿದಳು, ಸಟ್ಟುಗವನ್ನು ನೋಡಿದಳು. "ಅದು ಇನ್ನು ಅಲ್ಲೇ ಇರ್ಲಿ," ಎಂದಷ್ಟೇ ಹೇಳಿ ಅಂಗಡಿಗೆ ಹೋಗಿ ಹೊಸ ಸಟ್ಟುಗ ತಂದಳು.

ಪಕ್ಕದ ಬಿಲ್ಡಿಂಗಿನ ಶೆಟ್ಟರನ್ನು ಕರೆದು ತೋರಿಸಿದೆ. ಮೀನಿಲ್ಲದ ದಿನವನ್ನು ಉಪವಾಸವೆಂದೇ ತಿಳಿಯುವವರು. ಏನಾದರೂ ಹೇಳಿಯಾರು ಎಂಬ ಆಸೆ. ಅವರು ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದರು. "ರಾಯ್ರೇ, ಮೀನಿನ ವಿಷಯ ನನಗೆ ಗೊತ್ತಿರುದು ಅದು ಕಾವಲಿಗೆ ಬಿದ್ದ ಮೇಲಿಂದು ಮಾತ್ರ ಮಾರಾಯ್ರೆ. ಅದರ ಮುಂಚಿನ ಜೀವನ ನಾನು ವಿಚಾರಿಸಲಿಕ್ಕೆ ಹೋಗ್ಲಿಲ್ಲ," ಎಂದರು.

ಕೊನೆಗೆ ಮೊಬೈಲಿನಲ್ಲಿ ಓದಲು ಕೂತೆ. ಈ ಜಾತಿಯಲ್ಲಿ ಹುಟ್ಟುವಾಗ ಎಲ್ಲವೂ ಗಂಡಂತೆ. ಜೊತೆಯಲ್ಲಿ ದೊಡ್ಡದಾದದ್ದು ಹೆಣ್ಣಾಗಿ ಯಜಮಾನಿಕೆ ವಹಿಸಿಕೊಳ್ಳುತ್ತದಂತೆ. ಅಂದರೆ ನನ್ನನ್ನು ಕಚ್ಚಿದ್ದು ಮನೆಯೊಡತಿ. ಮರಳಿನ ವಿಷಯಕ್ಕೆ ಮಾತ್ರ ಅಭಿಪ್ರಾಯಗಳು ಹಲವು. ವಾಸದ ಜಾಗ ಹದ ಮಾಡಿಕೊಳ್ಳಲು ಎನ್ನುವವರಿದ್ದಾರೆ. ಮೊಟ್ಟೆ ಅಂಟಿಸಲು ಗಟ್ಟಿ ನೆಲ ಬೇಕು, ಅದಕ್ಕೆ ಮರಳು ಸರಿಸುತ್ತವೆ ಎನ್ನುವವರಿದ್ದಾರೆ. ಸುಮ್ಮನೆ, ಅವುಗಳ ಸ್ವಭಾವ ಎಂದು ಕೈತೊಳೆದುಕೊಂಡವರೂ ಇದ್ದಾರೆ. ಕಾಯಿಲೆ ಎಂದು ಯಾರೂ ಹೇಳಿರಲಿಲ್ಲ. ಆ ಒಂದನ್ನು ನಾನು ನಂಬಲಿಲ್ಲ. ವಿಡಿಯೊ ಮಾಡಿ ಮಗಳಿಗೆ ಕಳಿಸಿದೆ.

ಊಟದ ಹೊತ್ತಿಗೆ ಅವಳ ಫೋನು ಬಂತು. ಮೊದಲು ನಕ್ಕಳು. ದಿನಾ ಮಟ್ಟ ಮಾಡುತ್ತಿದ್ದೇನೆ ಎಂದು ಹೇಳಿದಾಗ ನಗು ನಿಂತಿತು.

"ಪಪ್ಪಾ, ವೋ ಘರ್ ಬನಾ ರಹೇ ಹೈಂ, ಮನೆ ಕಟ್ತಿದ್ದಾರೆ. ನೀವು ರೋಜ್ ಸಪಾಟ್ ಮಾಡಿದ್ರೆ ಅವರು ರೋಜ್ ಫಿರ್ ಸೇ ಅಗೀತಾರೆ, ಅಷ್ಟೇ. ಅವರು ದೂರ ಎಲ್ಲಿ ಹೋಗ್ತಿದ್ದಾರೆ? ಅದೇ ಟ್ಯಾಂಕ್ ಮೇ ತೋ ಹೈಂ."

ಮೀನಿನ ಮಾತು ಎಲ್ಲಿ ಮುಗಿಯಿತು, ಬೇರೆ ಮಾತು ಎಲ್ಲಿ ಶುರುವಾಯಿತು ಎಂಬುದು ನನಗೆ ತಿಳಿಯಿತು. ತಿಳಿಯದವನ ಹಾಗೆ, ಊಟ ಆಯಿತಾ ಎಂದು ಕೇಳಿದೆ.

ಆಮೇಲಿನ ದಿನಗಳಲ್ಲಿ ನಾನು ಏನನ್ನೂ ಮಾಡಲಿಲ್ಲ. ಗುಡ್ಡ ಬೆಳೆಯಿತು. ಹೊಂಡದ ತಳದಲ್ಲಿ, ಶ್ರಾವ್ಯ ಯಾವತ್ತೋ ಹಾಕಿ ಮರೆತಿದ್ದ ಟೈಲ್ಸಿನ ಚೂರು ಹೊರಬಿತ್ತು. ಎರಡೂ ಸೇರಿ ಅದನ್ನು ಬಾಯಿಂದ ಉಜ್ಜಿ ಉಜ್ಜಿ ತೊಳೆದವು. ಅವಳು ಬರುವ ಹಿಂದಿನ ಸಂಜೆ ಅದರ ಮೇಲೆ ಶೀರಾದ ರವೆಕಾಳಿನಂಥ ಕಿತ್ತಳೆ ಮೊಟ್ಟೆಗಳು ಸಾಲಾಗಿ ಅಂಟಿದ್ದವು. ಚಿಕ್ಕ ಮೀನು, ಅಂದರೆ ಗಂಡು, ಅವುಗಳಿಗೆ ಬಿಡದೆ ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು. ಕೋಣೆಯ ಹೊರಗೇ ನಿಂತು ನೋಡುತ್ತಿದ್ದ ವಸುಧಾ, "ನೋಡಿ, ಅದೂ ಒಬ್ಬ ಅಪ್ಪನೇ. ಸಟ್ಟುಗ ಹಿಡ್ಕೊಂಡು ಅಡ್ಡ ಬರುದಿಲ್ಲ," ಎಂದಳು.

ಶ್ರಾವ್ಯ ಬಂದವಳು ಬ್ಯಾಗನ್ನೂ ಇಳಿಸದೆ ತೊಟ್ಟಿಯ ಮುಂದೆ ಕೂತಳು. ಉತ್ತರ ಕೇಳಲಿಲ್ಲ. ನಾನೇ, ಐರೋಲಿಯ ಮನೆ ನೋಡಲು ಯಾವಾಗ ಹೋಗುವ ಎಂದೆ.

"ಮೈನೇ ದೇಖ್ ಲಿಯಾ ಹೈ, ಪಪ್ಪಾ, ನೋಡಿ ಆಯ್ತು," ಎಂದಳು, ಗಾಜಿನಿಂದ ಕಣ್ಣು ತೆಗೆಯದೆ. "ಟೆಂಪೋಗೆ ನೀವು ಹೇಳ್ತೀರಾ?"

ಟೆಂಪೋಗೆ ನಾನೇ ಹೇಳಿದೆ. ಆ ಟೆಂಪೋ ದಾರಿಯ ಶೀಳ್ ಫಾಟಾದ ಟ್ರಾಫಿಕ್ ಜಾಮಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ಮನೆಯ ಯಜಮಾನ ಕೊನೆ ಗಳಿಗೆಯಲ್ಲಿ ಮಾತು ಬದಲಿಸಬಹುದಿತ್ತು. ಬೀಗ ಸಡಿಲವಿರಬಹುದಿತ್ತು, ಗ್ಯಾಸು ಸೋರಬಹುದಿತ್ತು, ಗೆಳತಿ ಜಗಳಗಂಟಿಯಾಗಿರಬಹುದಿತ್ತು. ಮೊಟ್ಟೆಯಿಟ್ಟ ಮೀನನ್ನು ಅಲ್ಲಾಡಿಸಬಾರದೆಂದು ತೊಟ್ಟಿಯನ್ನು ಶ್ರಾವ್ಯ ನಮ್ಮಲ್ಲೇ ಬಿಟ್ಟಳು. ಅವಳಿಲ್ಲದೆ ಮೀನುಗಳು ಸೊರಗಬಹುದಿತ್ತು. ಅಂಥದ್ದೇನೂ ಆಗಲಿಲ್ಲ. ಅವಳು ಪಾತ್ರೆಗಳ ಜೊತೆ ಹೊಸ ಸಟ್ಟುಗವನ್ನೂ ಕಟ್ಟಿಕೊಂಡು ಹೋಗಿದ್ದಳು. ನಮಗದು ಗೊತ್ತಾದದ್ದು ಭಾನುವಾರ ಬೆಳಿಗ್ಗೆ, ಕಾವಲಿಗೆ ಹಿಟ್ಟು ಹೊಯ್ದ ಮೇಲೆ. ಹಳೆಯ ಸಟ್ಟುಗ ತೊಟ್ಟಿಯ ಪಕ್ಕ ಕಾಯುತ್ತಿತ್ತು. ಅದಕ್ಕೆ ಅಡುಗೆಮನೆಗೆ ಪ್ರವೇಶವಿಲ್ಲ. ವಸುಧಾ ಅಭ್ಯಾಸಬಲದಿಂದ ಮೂವರಿಗಾಗುವಷ್ಟು ಹಿಟ್ಟು ರುಬ್ಬಿದ್ದಳು. ನಾನು ಸ್ಟೀಲ್ ಚಮಚವನ್ನು ದೋಸೆಯ ಅಂಚಿಗೆ ಮೆಲ್ಲಗೆ ತೂರಿಸಿದೆ.

ಇಷ್ಟೆಲ್ಲದರಲ್ಲಿ ನಿಜಕ್ಕೂ ಕೆಟ್ಟದ್ದು ಒಂದೇ: ಆ ದೋಸೆ ಹರಿಯಿತು.