ಧೂಳ ಹೋತು, ತಕರಾರು ಉಳೀತು

ಗೆಳೆಯರ, ಇವತ್ತು ಮುಂಜಾನಿ ಪಕ್ಕದ ಮನಿ ಕಾಕಾ ನನ್ನ ಬಡಿಗಿ ಕೆಲಸ ಬಂದ್ ಮಾಡಸಾಕ ಬಂದಿದ್ರು. ಜೇವರ್ಗಿ ಕಾಲೋನ್ಯಾಗ ನಮ್ಮ ಮನಿ ಹಿಂದಿನ ಕೋಣ್ಯಾಗ ನಾನು ಸ್ಟೂಲು, ಕುಂದ್ರೋ ಮಣಿ ಮಾಡ್ತೇನಿ. ಕಮಲಾಪುರದಾಗ ಬಡಿಗತನ ಮಾಡ್ತಿದ್ದ ನಮ್ಮ ಅಪ್ಪನ ಹತ್ರ ಕಲ್ತದ್ದು.

"ನಿನ್ನ ಕಟ್ಟಿಗಿ ಧೂಳ ನಾವು ಒಣ ಹಾಕಿದ ಅರಬಿ ಮ್ಯಾಲ ಬೀಳತದವಾ," ಅಂದ್ರು ಕಾಕಾ.

ಹೋದ ವಾರದ ತನಕ ಅದು ಖರೇನ. ಧೂಳ ಹೀರೋ ಮಷೀನ್ ಇತ್ತು, ಆದ್ರ ಕೆಲಸದ ಗಡಿಬಿಡ್ಯಾಗ ಚಾಲೂ ಮಾಡೋದು ಮರೀತಿದ್ದೆ. ಈಗ ಕರೆಂಟ್ ಗರಗಸದ ವೈರಿಗಿ ಒಂದು ಸೆನ್ಸರ್ ಹಾಕೀನಿ. ಗರಗಸ ತಿರುಗಿದ್ರ ಸಾಕು, ಆ ಮಷೀನ್ ತಾನೇ ಚಾಲೂ ಆಗತದ.

"ಇಲ್ಲೇ ನಿಂದರ್ರಿ ಕಾಕಾ," ಅಂತ ಅವರನ್ನ ಬಾಗಲದಾಗ ನಿಂದ್ರಿಸಿ ಒಂದು ಸಾಗವಾನಿ ಹಲಗಿ ಕೊಯ್ದೆ. ಅವರು ತಮ್ಮ ಬಿಳಿ ಅಂಗಿ ಝಾಡಿಸಿ ನೋಡಿದ್ರು. ಏನೂ ಬೀಳಲಿಲ್ಲ.

"ಇದನ್ನ ಯಾರು ಮಾಡಿಕೊಟ್ರು?"

"ನಾನೇ ಮಾಡೀನ್ರಿ."

"ಅಲ್ಲವಾ, ವೈರಿಂಗ್ ಯಾರು ಮಾಡಿದ್ರು ಅಂದೆ."

"ಅದೂ ನಾನೇರಿ."

ಕಾಕಾ ಬಗ್ಗಿ ಆ ಸೆನ್ಸರ್ ನೋಡಿದ್ರು. ಆಮ್ಯಾಲ, "ಧೂಳಿನ ಮಾತು ಬಿಡು. ಹೆಣ್ಣಮಗಳು ಗರಗಸ ಹಿಡಿಯೋದು ಕಾಲೋನ್ಯಾಗ ಛಂದ ಕಾಣಂಗಿಲ್ಲ," ಅಂದ್ರು.

"ಧೂಳ ಬಂದ್ರ ಹೇಳ್ರಿ, ಅದೇ ದಿನ ಸರಿ ಮಾಡ್ತೇನಿ. ನಾ ಛಂದ ಕಾಣಲಿಲ್ಲಂದ್ರ ಈ ಕಡಿ ನೋಡಬ್ಯಾಡ್ರಿ," ಅಂದೆ.

ಅವರು ಇನ್ನೂ ಏನೋ ಹೇಳಾಕತ್ತಿದ್ರು. ನಾನು ಎರಡನೇ ಹಲಗಿ ಗರಗಸಕ್ಕ ಹಚ್ಚಿದೆ. ಧೂಳಿಗಿ ಸೆನ್ಸರ್ ಬೇಕಾತು, ಇಂಥ ಮಾತಿಗಿ ಗರಗಸದ ಸಪ್ಪಳನೇ ಸಾಕಾತು.