ವಾಸವಿದ್ದ ಮನೆಯ ಬಾಗಿಲು

೧೯೭೮ರ ಯುಗಾದಿ ಕಳೆದು ಬಂದ ಮೊದಲ ಸೋಮವಾರ, ಬೆಳಿಗ್ಗೆ ಸುಮಾರು ಎಂಟು ಗಂಟೆಗೆ, ನಾನು ಅಜ್ಜಂಪುರದ ಕೋಟೆ ಬೀದಿಯಲ್ಲಿ ನನ್ನ ಬಾಡಿಗೆ ಮನೆಯ ಜಗಲಿಯ ಮೇಲೆ, ಎಡಗಡೆಯ ಕಂಬದ ಪಕ್ಕದಲ್ಲಿ ನಿಂತಿದ್ದೆ. ಎದುರು ಮನೆಯ ಬಾಗಿಲಿಗೂ ನನಗೂ ನಡುವೆ ಒಂದು ಎತ್ತಿನ ಗಾಡಿ ದಾಟುವಷ್ಟು ಬೀದಿ. ಬಿಸಿಲು ಇನ್ನೂ ಆ ಬಾಗಿಲಿನ ಮೇಲ್ಪಟ್ಟಿಗೆ ಮಾತ್ರ ಬಿದ್ದಿತ್ತು. ಪಟ್ಟಿಯ ನಡುವೆ ಕೆತ್ತಿದ ಲಿಂಗ, ಎರಡು ಪಕ್ಕ ಒಂದೊಂದು ನಂದಿ, ಅದರ ಮೇಲೆ ಯುಗಾದಿಯ ಮಾವಿನ ತೋರಣ. ಎಲೆ ಬಾಡಿತ್ತು. ಹೊಸ್ತಿಲ ಮೇಲೆ ಆ ಬೆಳಗಿನ ವಿಭೂತಿಯ ಮೂರು ಗೆರೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಅಂಗಳದಲ್ಲಿ ರಂಗೋಲಿ ಇತ್ತು. ಬಾಗಿಲು ಅದರ ಜಾಗದಲ್ಲಿತ್ತು. ಮನೆಯಲ್ಲಿ ಜನ ವಾಸವಿದ್ದರು. ಇದನ್ನು ನಾನು ನೋಡಿದ್ದೇನೆ.

ಜನ ಅಂದರೆ ಇಬ್ಬರು. ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಹೈಸ್ಕೂಲಿಗೆ ಹೋಗುತ್ತಿದ್ದ ಆಕೆಯ ಮಗಳು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆಕೆ ಶಿವದಾರ ಹೊಸೆದು ಮಾರುತ್ತಿದ್ದರು. ಕೊರಳಲ್ಲಿ ಲಿಂಗ ಧರಿಸುವವರಿಗೆ ಆ ದಾರ ಬೇಕು. ಮಠಕ್ಕೆ ಹೋಗಿ ಬರುವವರು ಆಕೆಯ ಮನೆ ಹುಡುಕಿಕೊಂಡು ಬರುತ್ತಿದ್ದರು. ನಾನು ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಆಕೆ ನನ್ನನ್ನು ಟೇಸನ್ನೋರೇ ಎನ್ನುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ.

ಆ ದಿನಗಳಲ್ಲಿ ಊರಿನ ಹಿತಕ್ಕೆಂದು ಏಳೆಂಟು ಜನ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಅದರ ಹಿರಿಯರು ನಿವೃತ್ತ ಹೆಡ್‌ಮೇಷ್ಟ್ರು. ಸಂಘ ಎರಡು ವಿಷಯಕ್ಕೆ ಓಡಾಡುತ್ತಿತ್ತು. ಜನ ಕಂಡ ಕಂಡ ಕಡೆ ಮನೆ ಎಬ್ಬಿಸದಂತೆ, ಚರಂಡಿ, ರಸ್ತೆ ಇರುವ ಒಂದು ಹೊಸ ಬಡಾವಣೆ ಆಗಬೇಕು ಎಂಬುದು ಒಂದು. ಊರಿನ ಹಳೆಯ ಕಲ್ಲು, ಕಂಬ, ಬಾಗಿಲು ಊರಲ್ಲೇ ಉಳಿಯಬೇಕು ಎಂಬುದು ಇನ್ನೊಂದು. ವಾಚನಾಲಯದ ಪಕ್ಕದ ಹಜಾರದಲ್ಲಿ ಅವನ್ನು ತಂದು ಇಡುತ್ತಿದ್ದರು. ಈ ಎರಡು ಆಸೆಗಳ ನಡುವೆ ಯಾರಾದರೂ ಸಿಕ್ಕಿಕೊಳ್ಳಬಹುದೆಂದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಬಡಾವಣೆ ಮಂಜೂರಾಯಿತು. ಅಲ್ಲಿಗೆ ಹೋಗುವ ರಸ್ತೆ ಕೋಟೆ ಬೀದಿಯನ್ನು ಅಡ್ಡ ಹಾಯಬೇಕು, ಕೆಲವು ಮನೆ ಹೋಗಬೇಕು ಎಂದಾಯಿತು. ಆ ಮನೆಗಳಲ್ಲಿ ವಾಸವಿರುವವರಿಗೆ ಬಡಾವಣೆಯಲ್ಲಿ ನಿವೇಶನ ಕೊಡುತ್ತೇವೆ ಎಂದು ಹೇಳಿದರು. ಎದುರು ಮನೆ ಆ ಗೆರೆಯೊಳಗಿತ್ತು. ಆಕೆ ಹೆದರಲಿಲ್ಲ. ಮಳೆಗಾಲಕ್ಕೆ ಸೋರುವ ಮನೆ ಹೋಗಿ ಬಿಸಿಲಿಗೆ ಮುಖ ಮಾಡಿದ ಜಾಗ ಸಿಗುತ್ತದೆ, ಮಗಳ ಮದುವೆಗೆ ಚಪ್ಪರ ಹಾಕಲು ಅಂಗಳ ಇರುತ್ತದೆ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದ್ದರು.

ಕಡೂರಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದ ಒಬ್ಬ ಲೆಕ್ಚರರ್ ಸಂಘಕ್ಕೆ ಸಲಹೆಗಾರರು. ಅವರು ಒಂದು ಭಾನುವಾರ ಬಂದು ಆ ಬಾಗಿಲನ್ನು ಕೈಯಿಂದ ಸವರಿ ನೋಡಿದರು. ಬಾಗಿಲು ಮನೆಗಿಂತ ಬಹಳ ಹಳೆಯದು, ಕೋಟೆಯೊಳಗಿನ ಯಾವುದೋ ಕಟ್ಟಡದ್ದು ಇಲ್ಲಿಗೆ ಬಂದಿದೆ ಎಂದರು. ಅದಕ್ಕೆ ಮುಂಚೆ ಬೇರೊಂದು ಬೀದಿಯಲ್ಲಿ ಮನೆ ಕೆಡವುವಾಗ ಒಳ್ಳೆಯ ಬಾಗಿಲೆಲ್ಲ ಹಳೇ ಸಾಮಾನು ಕೊಳ್ಳುವವರ ಲಾರಿಯಲ್ಲಿ ಹೋಗಿಬಿಟ್ಟಿದ್ದವು. ಹಾಗಾಗಿ ಸಂಘದವರಿಗೆ ಅವಸರ. ಕೆಡವಲು ಬರುವವರಿಗಿಂತ ಮೊದಲು ತಾವೇ ಬಿಡಿಸಿಕೊಳ್ಳಬೇಕು ಎಂದುಕೊಂಡರು.

ಆ ಸೋಮವಾರ ಬಂದವರು ಮೇಷ್ಟ್ರು, ಒಬ್ಬ ಆಚಾರಿ, ಒಬ್ಬ ಗಾಡಿಯವನು. ಮೇಷ್ಟ್ರು ಆಕೆಯ ಜಗಲಿ ಹತ್ತದೆ ಕೆಳಗೆ ನಿಂತೇ ಮಾತಾಡಿದರು.

"ಲಾರಿಯೋರು ಹೊತ್ಕೊಂಡು ಹೋಗೋದಕ್ಕಿಂತ ಊರಲ್ಲೇ ಇರ್ಲಿ ಕಣಮ್ಮ. ನಾಳೆನೇ ಹಲಗೆ ಬಾಗಿಲು ಹಾಕಿಸ್ಕೊಡ್ತೀನಿ. ಸೈಟ್ ಸಿಗೋವರ್ಗೂ ಅದು ಸಾಕು."

"ತಗೊಂಡೋಗಿ ಮೇಷ್ಟ್ರೇ," ಎಂದರು ಆಕೆ. "ಹೊಸ್ತಿಲೊಂದು ಬಿಟ್ಟೋಗಿ."

ಆಚಾರಿ ಕುಕ್ಕರುಗಾಲಲ್ಲಿ ಕೂತು ಮೂಲೆಗಳನ್ನು ಬೆರಳಿನಿಂದ ತಟ್ಟಿ ನೋಡಿದ.

"ಬರಲ್ಲ ಅಕ್ಕ. ಒಂದಕ್ಕೊಂದು ಕಚ್ಕೊಂಡೈತೆ. ಹೊಸ್ತಿಲು ಬಿಟ್ರೆ ಕಂಬ ಸೀಳೋಯ್ತದೆ."

ಆಕೆ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಆಕೆಯ ತಮ್ಮನಿಗೆ ಪಾಠ ಹೇಳಿದವರು. ಆಕೆ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಹೊಸ್ತಿಲು ತೊಳೆದರು. ಆಗಲೇ ಇದ್ದ ವಿಭೂತಿ ಹೋಯಿತು. ಮತ್ತೆ ಮೂರು ಗೆರೆ ಎಳೆದರು. ಮಗಳು ಹಣೆ ಮುಟ್ಟಿಸಿದಳು. ನನ್ನ ಹೆಂಡತಿ ಬೀದಿ ದಾಟಿ ಹೋಗಿ ಅವರ ಪಕ್ಕ ನಿಂತಳು. ಆಮೇಲೆ ಆಚಾರಿ ಹಾರೆ ತಗೊಂಡ.

ಅವನು ಜೋಪಾನವಾಗಿಯೇ ಬಿಡಿಸಿದ. ಎರಡು ಪಕ್ಕದ ಮಣ್ಣಿನ ಗೋಡೆ ಮಾತ್ರ ಮೊಣಕಾಲೆತ್ತರಕ್ಕೆ ಕುಸಿದು ಬಾಗಿಲಿದ್ದ ಜಾಗದಲ್ಲೇ ಗುಡ್ಡೆಯಾಯಿತು. ಆಕೆಯ ಕಂಬಳಿಯನ್ನೇ ಹಾಸಿ ಬಾಗಿಲವಾಡವನ್ನು ಗಾಡಿಯಲ್ಲಿ ಮಲಗಿಸಿದರು. ತೋರಣ ಅದರಲ್ಲೇ ಇತ್ತು. ಗಾಡಿ ಹೋಯಿತು.

ಹಲಗೆ ಬಾಗಿಲು ಮರುದಿನ ಬರಲಿಲ್ಲ. ತರೀಕೆರೆಯ ಮಿಲ್ಲಿನಿಂದ ಹಲಗೆ ಬಂದಿಲ್ಲ, ಇನ್ನೆರಡು ದಿನ ಎಂದು ಮೇಷ್ಟ್ರು ಹೇಳಿಕಳಿಸಿದರು. ಆಕೆ ಗೋಣಿತಾಟು ಇಳಿಬಿಟ್ಟು ಮಣ್ಣಿನ ಗುಡ್ಡೆಯನ್ನು ಹಾಗೇ ಬಿಟ್ಟರು. ಓಡಾಟವೆಲ್ಲ ಹಿತ್ತಲ ಬಾಗಿಲಿನಿಂದ ನಡೆಯಿತು. ಮುಂದಿನಿಂದ ಯಾಕೆ ಬರುವುದಿಲ್ಲ ಎಂದು ನಾನೊಮ್ಮೆ ಕೇಳಿದೆ.

"ಹೊಸ್ತಿಲಿಲ್ಲದ ತೂತಲ್ಲಿ ನುಗ್ಗಕ್ಕೆ ನಾನೇನು ಹೆಗ್ಗಣನಾ ಟೇಸನ್ನೋರೇ?"

ಮಗಳು ಒಳಗಿನಿಂದ ನಕ್ಕಳು. ಹೊಸ್ತಿಲಿಲ್ಲದ ಮೇಲೆ ಅಂಗಳ ಸಾರಿಸುವುದೂ ನಿಂತಿತು, ರಂಗೋಲಿಯೂ ನಿಂತಿತು. ಇದು ಮುಂದೆ ಬರುವುದಕ್ಕೆ ಬೇಕಾದ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ.

ಅದೇ ವಾರ ಗುರುವಾರ ಮಧ್ಯಾಹ್ನ ತರೀಕೆರೆಯಿಂದ ಒಬ್ಬ ಅಧಿಕಾರಿ ಬಂದರು. ಯಾವ ಮನೆಯಲ್ಲಿ ವಾಸವಿದ್ದಾರೆ, ಯಾವುದರಲ್ಲಿ ಇಲ್ಲ ಎಂದು ನೋಡಿ ಬರೆದುಕೊಳ್ಳುವ ಕೆಲಸ. ಮುಂಚಿನ ರಾತ್ರಿಯ ಗಾಳಿಗೆ ಗೋಣಿತಾಟು ಕಿತ್ತು ಒಳಗೆ ಬಿದ್ದಿತ್ತು. ಮಗಳು ಪರೀಕ್ಷೆ ಬರೆಯಲು ಹೋಗಿದ್ದಳು. ಆಕೆ ದಾರದ ಗಂಟು ತಗೊಂಡು ಬುಕ್ಕಾಂಬುಧಿಗೆ ಹೋಗಿದ್ದರು. ಹಿತ್ತಲಿಗೆ ಬೀಗ. ಅಧಿಕಾರಿ ಬೀದಿಯಲ್ಲಿ ನಿಂತು ಯಾರ್ರೀ ಒಳಗೆ ಎಂದು ಎರಡು ಸಲ ಕೂಗಿದರು. ನಾನು ಜಗಲಿಯಿಂದ ಇಳಿದು ಹೋದೆ.

"ಇಲ್ಲಿ ಜನ ಇದಾರೆ ಸಾರ್. ತಾಯಿ, ಮಗಳು."

"ಎಲ್ಲಿಂದ ಓಡಾಡ್ತಾರೆ?"

"ಹಿತ್ತಲಿಂದ."

"ಬಾಗಿಲೇ ಇಲ್ವಲ್ರೀ."

"ಸೋಮವಾರದವರೆಗೂ ಇತ್ತು. ಸಂಘದೋರು ತಗೊಂಡೋದ್ರು. ಹಜಾರದಲ್ಲಿ ಇಟ್ಟಿದಾರೆ, ನೋಡ್ಬಹುದು."

ಅವರು ಒರಟು ಮನುಷ್ಯರಲ್ಲ. ಹಾಗಾದರೆ ನೋಡಿಯೇ ಬರೆಯುತ್ತೇನೆ ಎಂದು ನನ್ನ ಜೊತೆ ನಡೆದು ಬಂದರು. ದಾರಿಯಲ್ಲಿ ಊರಿನ ನೀರಿನ ವಿಷಯ ಕೇಳಿದರು.

ಹಜಾರದಲ್ಲಿ ಬಾಗಿಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಕದ ಮುಚ್ಚಿತ್ತು. ಪಕ್ಕದಲ್ಲಿ ಬಿಳಿಯ ತಗಡಿನ ಮೇಲೆ ಕಪ್ಪು ಅಕ್ಷರದ ಬೋರ್ಡ್. ಅದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಧಿಕಾರಿ ಗಟ್ಟಿಯಾಗಿ ಓದಿದರು: ಕೋಟೆ ಬೀದಿಯ ಪಾಳುಮನೆಯೊಂದರಿಂದ ಸಂಗ್ರಹಿಸಿದ ಬಾಗಿಲು.

ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ನಾನು ಅದು ತಪ್ಪು ಸಾರ್ ಎಂದೆ. ಅವರು, ಓದಿದವರು ಬರೆದದ್ದಲ್ಲವೇ ಎಂದರು. ನಾನು ಬಾಡಿಗೆಯವನು, ಪರ ಊರಿನವನು ಎಂಬುದನ್ನೂ ಕೇಳಿ ತಿಳಿದುಕೊಂಡರು. ಅಲ್ಲೇ ನಿಂತು ಬರೆದುಕೊಂಡರು.

ಬೋರ್ಡಿನ ಮಾತು ಲೆಕ್ಚರರ್ ಬರೆದುಕೊಟ್ಟದ್ದು. ಆಮೇಲೆ ಅವರೇ ನನಗೆ ಹೇಳಿದರು. ವಸ್ತುಸಂಗ್ರಹಾಲಯಗಳಲ್ಲಿ ಹಾಗೆಯೇ ಬರೆಯುತ್ತಾರಂತೆ. ಜನ ಬಂದು ನೋಡುವ ಹೊತ್ತಿಗೆ ಮನೆ ಹೇಗೂ ಬಿದ್ದಿರುತ್ತದೆ, ಪದೇ ಪದೇ ಬೋರ್ಡ್ ಬರೆಸುವುದು ಏಕೆ ಎಂದು ಮುಂಚೆಯೇ ಹಾಗೆ ಬರೆಸಿದರಂತೆ. ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ನನಗೆ ಯಾರ ಮೇಲಾದರೂ ಸಿಟ್ಟು ಬರುತ್ತಿತ್ತೇನೋ.

ನಿವೇಶನ ಸಿಗುವವರ ಹೆಸರು ಗೊತ್ತಾದಾಗ ಆಕೆಯ ಹೆಸರು ಇರಲಿಲ್ಲ. ಎದುರು ಮನೆಯನ್ನು ಪಾಳು, ವಾಸವಿಲ್ಲ ಎಂದು ಬರೆದಿದ್ದರು. ಮೇಷ್ಟ್ರು, ಆಕೆ, ನಾನು ಮೂವರೂ ಬೆಳಗಿನ ಬಸ್ಸಿಗೆ ತರೀಕೆರೆಗೆ ಹೋದೆವು. ಅಲ್ಲಿ ಕೂತಿದ್ದವರು ಮೇಲಿನ ಅಧಿಕಾರಿ. ಮೇಷ್ಟ್ರಿಗೆ ಕುರ್ಚಿ ಹಾಕಿಸಿದರು. ಮೇಷ್ಟ್ರು ಕೂರದೆ, ಸಂಘದ ಹೆಸರಿನಲ್ಲಿ ಬರೆದ ಅರ್ಜಿ ಮುಂದಿಟ್ಟು, ಬಾಗಿಲು ತೆಗೆದದ್ದು ತಾವು, ತೆಗೆದ ದಿನ ಮನೆಯಲ್ಲಿ ಒಲೆ ಉರಿಯುತ್ತಿತ್ತು, ಬೋರ್ಡ್ ತಪ್ಪು ಎಂದು ಸ್ಪಷ್ಟವಾಗಿ ಹೇಳಿದರು.

"ನಿಮ್ಮ ಸಂಘದ ಬೋರ್ಡೇ ತಪ್ಪು ಅಂದ್ರೆ, ನಿಮ್ಮ ಸಂಘದ ಅರ್ಜೀನ ಹೇಗೆ ನಂಬೋದು ಮೇಷ್ಟ್ರೇ?"

ಅವರು ನಗುತ್ತಲೇ ಕೇಳಿದರು. ಆಮೇಲೆ, ಹಂಚಿಕೆ ಮುಗಿದಿದೆ, ಮುಂದೆ ಉಳಿದರೆ ನೋಡೋಣ ಎಂದರು. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಜಾಗ ಇತ್ತು. ಆಕೆ ಕೂತರು, ನಾನು ಕೂತೆ. ಮೇಷ್ಟ್ರು ಮೇಲಿನ ಕಂಬಿ ಹಿಡಿದು ಅಜ್ಜಂಪುರ ಬರುವವರೆಗೂ ನಿಂತೇ ಇದ್ದರು. ಬಸ್ಸಿಂದ ಇಳಿದವರು ನೇರ ಹಜಾರಕ್ಕೆ ಹೋಗಿ ಬೋರ್ಡಿನಲ್ಲಿ 'ಪಾಳು' ಎಂಬ ಎರಡಕ್ಷರಕ್ಕೆ ಬಿಳಿ ಬಣ್ಣ ಬಳಿದರು. ಬಣ್ಣ ಪಕ್ಕದ ಅಕ್ಷರಕ್ಕೂ ಸ್ವಲ್ಪ ತಾಗಿತು.

ಮಳೆಗೆ ಮುಂಚೆ ಮನೆ ಕೆಡವಿದರು. ತಾಯಿ, ಮಗಳು ಎಣ್ಣೆ ಗಾಣದ ಹಿಂದಿನ ಒಂದು ರೂಮಿಗೆ ಬಾಡಿಗೆಗೆ ಹೋದರು. ಮೇಷ್ಟ್ರು ಮತ್ತೆರಡು ಸಲ ತರೀಕೆರೆಗೆ ಹೋಗಿಬಂದರು. ಉಳಿದ ನಿವೇಶನ ಯಾವುದೂ ಇರಲಿಲ್ಲ. ಒಂದು ದಿನ ಆಕೆಯ ರೂಮಿನ ಮುಂದೆ ನಿಂತು, ಬಾಗಿಲನ್ನು ವಾಪಸು ಕೊಟ್ಟುಬಿಡುತ್ತೇನೆ, ಸಂಘದವರು ಏನಾದರೂ ಅಂದುಕೊಳ್ಳಲಿ ಎಂದರು. ನಾನು ಜೊತೆಗಿದ್ದೆ.

"ಎಲ್ಲಿಗೆ ಹಾಕ್ಲಿ ಮೇಷ್ಟ್ರೇ, ಈ ರೂಮಿಗಾ?" ಎಂದರು ಆಕೆ. ಕೈಯಲ್ಲಿದ್ದ ದಾರ ಹೊಸೆಯುವುದು ನಿಲ್ಲಿಸಲಿಲ್ಲ. "ಮಲಗ್ಸಿದ್ರೂ ಇಡ್ಸಲ್ಲ. ಅಲ್ಲೇ ಇರ್ಲಿ. ಬೆಳಿಗ್ಗೆ ಬತ್ತೀನಿ, ಬೀಗ ತೆಗ್ಸಿ."

ಮರುದಿನದಿಂದ ಹೋಗತೊಡಗಿದರು. ಸ್ನಾನ ಮಾಡಿ, ಚೊಂಬಿನ ನೀರು, ವಿಭೂತಿ ಉಂಡೆ ತಗೊಂಡು ಹಜಾರಕ್ಕೆ ಬರುತ್ತಿದ್ದರು. ಒದ್ದೆ ಬಟ್ಟೆಯಿಂದ ಹೊಸ್ತಿಲು ಒರಸಿ ಮೂರು ಗೆರೆ ಎಳೆದು ಹೋಗುತ್ತಿದ್ದರು. ನಮಸ್ಕಾರ ಮಾಡುವುದಾಗಲಿ, ನಿಂತು ನೋಡುವುದಾಗಲಿ ಇರಲಿಲ್ಲ. ನಾನು ಡ್ಯೂಟಿಗೆ ಹೋಗುವ ದಾರಿ ಅದು. ಮೇಷ್ಟ್ರು ತಾವೇ ಬಂದು ಬೀಗ ತೆಗೆದು ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದರು. ಇಬ್ಬರೂ ಮಾತಾಡಿದ್ದು ನಾನು ಕಂಡಿಲ್ಲ.

ಬಡಾವಣೆಯಲ್ಲಿ ಮನೆಗಳೆದ್ದವು. ಮಗಳ ಮದುವೆ ಮಠದ ಅಂಗಳದಲ್ಲಿ ಆಯಿತು. ಅವಳು ದೇವನೂರಿನ ಕಡೆಗೆ ಹೋದಳು. ಎಂಬತ್ತರ ದಶಕದ ನಡುವೆ ಮೇಷ್ಟ್ರು ತೀರಿಕೊಂಡರು. ಇನ್ನೂ ಕೆಲವು ವರ್ಷಕ್ಕೆ ಸಂಘಕ್ಕೆ ಹೊಸಬರು ಬಂದರು. ವಿಭೂತಿ ಕೆತ್ತನೆಯ ಸಂದಿಗೆ ಸೇರಿ ಮರ ಹಾಳಾಗುತ್ತದೆ ಎಂದು ಬಾಗಿಲಿನ ಮುಂದೆ ಒಂದು ಹಗ್ಗ ಕಟ್ಟಿದರು. ಅಜ್ಜಿ ಬೇಕಾದರೆ ಹಗ್ಗದ ಈಚೆಯಿಂದ ಮಾಡಿಕೊಳ್ಳಲಿ ಎಂದರು. ಹಗ್ಗದ ಈಚೆಯಿಂದ ಬಗ್ಗಿದರೆ ಆಕೆಯ ಕೈ ಹೊಸ್ತಿಲಿಗೆ ಎಟಕುತ್ತಿತ್ತು.

ಮೊನ್ನೆ ಹಜಾರಕ್ಕೆ ಸುಣ್ಣ ಹೊಡೆಸಿ ಬೋರ್ಡುಗಳನ್ನೆಲ್ಲ ಹೊಸದಾಗಿ ಬರೆಸಿದ್ದಾರೆ. ಬಾಗಿಲು ಬಂದ ವಾರ, ಬೋರ್ಡಿಗೆ ಬಿಳಿ ಬಣ್ಣ ಬೀಳುವ ಮುಂಚೆ, ಎರಡೂ ಸೇರಿ ತೆಗೆದ ಫೋಟೋ ಒಂದಿತ್ತು. ಬರೆಯುವವನು ಅದನ್ನು ನೋಡಿ ಬರೆದಿದ್ದಾನೆ. ಪಾಳುಮನೆಯೊಂದರಿಂದ ಎಂದೇ ಇದೆ. ಅದು ತಪ್ಪು ಎಂದು ನಾನು ಹೇಳಿದೆ. ಈಗಿನ ಕಾರ್ಯದರ್ಶಿ ಸಾವಧಾನವಾಗಿ ಕೇಳಿಸಿಕೊಂಡು, ಮುಂದಿನ ಸಲ ಬರೆಸುವಾಗ ಸರಿಮಾಡೋಣ ಎಂದರು.

ಆಕೆಗೆ ಓದು ಬರುವುದಿಲ್ಲ. ಎಂದಿನಂತೆ ಹೊಸ್ತಿಲು ಒರಸಲು ಬಂದಾಗ, ಹೊಸ ಬೋರ್ಡಿನಲ್ಲಿ ಏನು ಬರೆದಿದ್ದಾರೆ ಎಂದು ನನ್ನನ್ನು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಓದಿದೆ. ಆಕೆ ಒದ್ದೆ ಬಟ್ಟೆ ಹಿಂಡಿದರು.

"ಪಾಳು ಅನ್ನಕ್ಕೆ ಒಂದು ಗೋಡೆಯಾದ್ರೂ ಇರ್ಬೇಕಲ್ವಾ ಟೇಸನ್ನೋರೇ," ಎಂದರು. "ಅಲ್ಲಿ ಬಸ್ ಓಡಾಡ್ತೈತೆ."

ಆದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ. ಆ ಸೋಮವಾರ ಬೆಳಿಗ್ಗೆ ಬಾಗಿಲು ಅದರ ಜಾಗದಲ್ಲಿದ್ದದ್ದನ್ನು, ಹೊಸ್ತಿಲ ಮೇಲೆ ವಿಭೂತಿ ಹಸಿಯಾಗಿದ್ದದ್ದನ್ನು ಕಂಡವರಲ್ಲಿ ಈಗ ಮೇಷ್ಟ್ರು ಇಲ್ಲ, ಗಾಡಿಯವನೂ ಇಲ್ಲ. ಆಚಾರಿ ಶಿವನಿಯಲ್ಲಿ ಮಗನ ಮನೆಯಲ್ಲಿದ್ದಾನೆ. ಕಣ್ಣು ಮಂದವಾಗಿದೆ, ಆದರೆ ಯಾವ ಮೂಲೆಯಿಂದ ಹಾರೆ ಹಾಕಿದೆ ಎಂಬುದನ್ನು ಇವತ್ತಿಗೂ ಹೇಳುತ್ತಾನೆ. ಮಗಳು ದೇವನೂರಿನ ಕಡೆ ಇದ್ದಾಳೆ. ನನ್ನ ಹೆಂಡತಿ ಇದ್ದಾಳೆ. ನಾನಿದ್ದೇನೆ. ಆ ಮನೆಯಲ್ಲಿ ವಾಸವಿದ್ದ ಆಕೆಯೂ ಇದ್ದಾರೆ.