ಗುಣವಾದವರ ಕಾಗದಗಳು

ಕವಿಯಾಗಬೇಕೆಂದು ಹೊರಟ ನಾನು ಕರಪತ್ರ ಬರೆಯುವವನಾದೆ. ಇದರಲ್ಲಿ ದುರಂತವೇನೂ ಇಲ್ಲ. ನನ್ನ ಕವಿತೆ ಓದಿದ್ದವರು ಇದನ್ನು ಬಡ್ತಿಯೆಂದೇ ತಿಳಿದರು. ಮುದ್ರಣಾಲಯದ ಹಿಂಬದಿಯಲ್ಲಿ, ಕಾಗದದ ರೀಮುಗಳ ನಡುವೆ ನನಗೊಂದು ಮೇಜಿತ್ತು. ಕೊಡೆ ರಿಪೇರಿಯವರು ಬರಲಿ, ಟೈಪಿಂಗ್ ಕಲಿಸುವವರು ಬರಲಿ, ಅವರಿಗಾಗಿ ನಾಲ್ಕು ಸಾಲು ಹೊಸೆದುಕೊಡುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ಹೋಮಿಯೋಪತಿ ಗುಳಿಗೆ ಮಾರುವ ಯಜಮಾನರು ಬಂದು, ಬಿಳಿ ಗುಳಿಗೆಗಳ ಪುಟ್ಟ ಶೀಶೆಯೊಂದನ್ನು ಮೇಜಿನ ಮೇಲಿಟ್ಟರು. ಇದರಲ್ಲಿ ಮದ್ದು ಎಷ್ಟಿದೆಯೆಂದು ಕೇಳಿದೆ.

"ಇಲ್ಲದಷ್ಟೂ ಒಳ್ಳೇದು," ಎಂದರು ಗಂಭೀರವಾಗಿ. "ಬೆರೆಸಿ ಬೆರೆಸಿ ತೆಳು ಮಾಡ್ತೀವಿ. ತೆಳುವಾದಷ್ಟೂ ಶಕ್ತಿ ಜಾಸ್ತಿ."

ಆ ಲೆಕ್ಕದಲ್ಲಿ ನಮ್ಮ ಮುದ್ರಣಾಲಯದ ಚಹಾ ಅಮೃತವಾಗಬೇಕಿತ್ತು. ನಗು ನುಂಗಿಕೊಂಡೆ.

"ಉಬ್ಬಸ ಗುಣ ಆಗುತ್ತೆ ಅಂತ ಮಾತ್ರ ಬರೀಬೇಡಿ, ಕಾನೂನಿನ ತಕರಾರು. ಗುಣ ಆದವರ ಕಾಗದ ಹಾಕಿ."

"ಯಾರಿಗೆ ಗುಣ ಆಗಿದೆ ಸಾರ್?"

"ಅದನ್ನ ನನ್ನ ಕೇಳಿದ್ರೆ ಹೇಗೆ? ಕವಿಗಳು ನೀವು."

ನನ್ನನ್ನು ಕವಿ ಎಂದು ಕರೆದ ಮೊದಲ ಗಿರಾಕಿ ಅವರು. ನನ್ನನ್ನು ತೆಳು ಮಾಡಲು ನೂರು ಸಲ ಬೆರೆಸಬೇಕಾಗಲಿಲ್ಲ. ಒಂದೇ ಸಲಕ್ಕೆ ಕರಗಿದೆ.

ಆ ಮಧ್ಯಾಹ್ನ ನಿವೃತ್ತ ಶಿಕ್ಷಕಿಯೊಬ್ಬರ ಕಾಗದ ಹುಟ್ಟಿತು. ಇಪ್ಪತ್ತು ವರ್ಷ ಉಬ್ಬಸಕ್ಕೆ ಇನ್ಹೇಲರ್ ಎಳೆದು ಬೇಸತ್ತವರು. ಗುಳಿಗೆ ಶುರುವಾದ ಮೇಲೆ ಅದನ್ನು ಬೀರುವಿನಲ್ಲಿಟ್ಟು ಕೀಲಿ ತಿರುಗಿಸಿದವರು. ಮೊದಲು ಉಬ್ಬಸ ಹೆಚ್ಚಿತಂತೆ. ಅದು ರೋಗ ಗಂಟುಮೂಟೆ ಕಟ್ಟುವ ಸದ್ದಂತೆ. ಈ ಸಾಲು ಬಿದ್ದಾಗ ಪೆನ್ನು ಕೆಳಗಿಟ್ಟು ಕೋಣೆಯಲ್ಲಿ ಒಂದು ಸುತ್ತು ಹಾಕಿದೆ. ದೊಡ್ಡ ಬರಹಗಾರರು ಹಾಗೆ ಮಾಡುತ್ತಾರೆಂದು ಎಲ್ಲೋ ಓದಿದ್ದೆ. ಇಂಥದ್ದನ್ನು ನಂಬುವವರು ಪೆದ್ದರು, ಪೆದ್ದರ ಪಾಪ ಬರೆದವನಿಗೆ ತಟ್ಟುವುದಿಲ್ಲ ಎಂಬ ಧೈರ್ಯವೂ ಇತ್ತು.

ನನ್ನ ಅಕ್ಕ ಹೊಲಿಗೆಯವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಚಿಕ್ಕಂದಿನಿಂದಲೂ ಉಬ್ಬಸ, ಅವಳ ಬಾಯಲ್ಲಿ ಇನ್ಹೇಲರ್ ಅಂದರೆ ಪಂಪು. ಬೆಳಿಗ್ಗೆ ಸಂಜೆ ಅದನ್ನೆಳೆದು, ಗುಂಡಿಗಳ ಡಬ್ಬಿಯ ಪಕ್ಕದಲ್ಲಿಟ್ಟು, ಮಿಷನ್ ತುಳಿಯಲು ಕೂರುತ್ತಿದ್ದಳು. ಕರಪತ್ರ ಹಂಚಿ ಎರಡು ತಿಂಗಳಾಗಿರಬೇಕು, ಅಂಗಿಯ ಕಾಲರು ತಿರುಗಿಸಿ ಹೊಲಿಸಲೆಂದು ಅವಳ ಮನೆಗೆ ಹೋದೆ. ಮಿಷನ್ನಿನ ಸದ್ದಿಗಿಂತ ಅವಳ ಎದೆಯ ಸದ್ದು ಮೊದಲು ಕೇಳಿತು. ಭುಜಗಳು ಕಿವಿಯ ತನಕ ಏರಿದ್ದವು. ಮುಖದಲ್ಲಿ ಮಾತ್ರ ನಗು.

"ಅಕ್ಕಾ, ಪಂಪೆಲ್ಲಿ?"

"ಬಿಟ್ಟು... ಹತ್ತು ದಿನ... ಆಯ್ತು. ಗಾಬರಿ ಆಗ್ಬೇಡ ಕಣೋ. ರೋಗ... ಗಂಟುಮೂಟೆ ಕಟ್ತಿದೆ."

ನನ್ನ ಸಾಲನ್ನು ಒಬ್ಬರು ಬಾಯಿಪಾಠ ಮಾಡಿದ್ದು ಜೀವನದಲ್ಲಿ ಅದೇ ಮೊದಲು. ಒಂದು ಕ್ಷಣ ಹೆಮ್ಮೆಯಾಯಿತು, ಒಪ್ಪಿಕೊಳ್ಳುತ್ತೇನೆ. ಆಮೇಲೆ, ಗುಂಡಿಗಳ ಡಬ್ಬಿಯ ಪಕ್ಕದಲ್ಲಿ ಪಂಪಿನ ಬದಲು ಆ ಬಿಳಿ ಗುಳಿಗೆಗಳ ಶೀಶೆ ಕಂಡಿತು.

"ಅದನ್ನ ಬರೆದಿದ್ದು ನಾನು ಅಕ್ಕಾ. ಆ ಟೀಚರು ಇಲ್ಲವೇ ಇಲ್ಲ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನಾ? ನೀನು ಬರೆದ್ರೆ... ಇಷ್ಟು ಚೆನ್ನಾಗಿರುತ್ತಾ?"

ಯಾವ ವಿಮರ್ಶಕನೂ ನನ್ನನ್ನು ಇಷ್ಟು ಚುಟುಕಾಗಿ ಮುಗಿಸಿರಲಿಲ್ಲ. ಶೀಶೆ ಕಿತ್ತುಕೊಂಡು, ಇದ್ದಬದ್ದ ಗುಳಿಗೆಯನ್ನೆಲ್ಲ ಬಾಯಿಗೆ ಸುರಿದುಕೊಂಡು ಕಟಕಟ ಅಗಿದೆ. "ನೋಡು, ಬರೀ ಸಕ್ಕರೆ. ಏನಾಯ್ತು ನನಗೆ?"

"ಏನೂ ಆಗಲ್ಲ. ಕಮ್ಮಿ ತಗೊಂಡಷ್ಟೂ... ಶಕ್ತಿ ಜಾಸ್ತಿ. ಅದ್ರಲ್ಲೇ... ಬರೆದಿದೆಯಲ್ಲ."

ಅದನ್ನೂ ನಾನೇ ಬರೆದಿದ್ದೆ. ಎಲ್ಲ ಬಾಗಿಲಿಗೂ ಬೀಗ ಜಡಿದವನೇ ಈಗ ತೆಗೆಯಿರೆಂದು ಬಡಿಯುತ್ತಿದ್ದೆ. ಅಕ್ಕ ಮಿಷನ್ನಿನ ಡ್ರಾಯರಿನಿಂದ ಕರಪತ್ರ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಇದನ್ನ ಓದು. ಅನುಭವಿಸದೋರು... ಹೀಗೆ ಬರೀತಾರಾ?"

'ಮಲಗಿದರೆ ಉಸಿರು ಸಿಗದೆ, ಎದ್ದು ಕೂತು ಕಿಟಕಿಯ ಕಂಬಿ ಎಣಿಸುತ್ತಿದ್ದೆ. ಒಂಬತ್ತು ಕಂಬಿ. ಐದನೆಯದು ಸೊಟ್ಟ.'

ಬಾಯಲ್ಲಿದ್ದ ಸಕ್ಕರೆಯನ್ನು ಕಿಟಕಿಯಾಚೆ ಉಗಿದು ಬಂದೆ.

"ಅದು ನಮ್ಮ ಹಳೇ ಮನೆ ಕಿಟಕಿ ಅಕ್ಕಾ. ನೀನು ಹೀಗೇ ಕೂತು ಎಣಿಸ್ತಿದ್ದೆ. ನಾನು ಹೆದರಬಾರದು ಅಂತ ನನ್ನ ಕೈಲೂ ಎಣಿಕೆ ಮಾಡಿಸ್ತಿದ್ದೆ. ಐದನೇದು ಯಾಕೆ ಸೊಟ್ಟ ಅಂತ ಕೇಳಿದ್ರೆ, ಅದಕ್ಕೂ ಬೆನ್ನುನೋವು ಕಣೋ ಅಂತಿದ್ದೆ."

ಅಕ್ಕ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಆ ಕಿಟಕಿಯನ್ನು ಅವಳು ಮತ್ತೊಮ್ಮೆ ಎಣಿಸಿ ನೋಡುತ್ತಿದ್ದಳೆಂದು ತುಟಿಗಳಿಂದ ತಿಳಿಯಿತು. ಆಮೇಲೆ, ನನ್ನ ಮುಖ ನೋಡದೆ, ಬೀರುವಿನ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟಳು. ಹೌದು, ಪಂಪನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದ್ದಳು; ಟೀಚರು ಮಾಡಿದ ಹಾಗೇ.

ಪಂಪು ಎಳೆದ ಮೇಲೆ ಭುಜಗಳು ಸ್ವಲ್ಪ ಇಳಿದವು, ಆದರೆ ಸದ್ದು ನಿಲ್ಲಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಗಿಗೆ ಮಾಸ್ಕು ಹಾಕಿ ಮದ್ದಿನ ಹೊಗೆ ಕೊಟ್ಟರು. "ಇನ್ನೆರಡು ದಿನ ಬಿಟ್ಟಿದ್ರೆ ನೀವು ನನ್ನ ಹತ್ರ ಬರ್ತಿರಲಿಲ್ಲ. ಯಾರಮ್ಮ ನಿಮಗೆ ಪಂಪು ಬಿಡೋಕೆ ಹೇಳಿದ್ದು?" ಎಂದು ಡಾಕ್ಟರು ಗದರಿದರು. ಅಕ್ಕ ನನ್ನ ಕಡೆ ನೋಡಲಿಲ್ಲ. "ಎಲ್ಲೋ ಓದ್ದೆ," ಎಂದಳು. ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದೆ.

ಹೊರಗಿನ ಬೆಂಚಿನ ಮೇಲೆ ಕೂತಾಗ ಅವಳಿಗೆ ಪೂರ್ತಿ ಮಾತು ಬಂತು.

"ಎಷ್ಟು ಅಚ್ಚು ಹಾಕಿದ್ರಿ ಅದನ್ನ?"

"ಐದು ಸಾವಿರ."

"ಅಯ್ಯೋ ಮುಠ್ಠಾಳ! ಅದ್ರಲ್ಲಿ ಎಷ್ಟು ಜನ ಎದ್ದು ಕೂತು ಎಣಿಸ್ತಿದ್ದಾರೋ. ಇನ್ನೊಂದು ಬರಿ. ಅದು ಸುಳ್ಳು ಅಂತ ಬರಿ."

ಬರೆದೆ. 'ಉಸಿರೆಂಬ ತೆಳು ದಾರವೇ' ಎಂದು ಶುರುಮಾಡಿದ್ದೆ. ಅಕ್ಕ ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಿಂದ ಅದನ್ನು ಹೊಡೆದುಹಾಕಿದಳು. ಕೊನೆಗೆ ಉಳಿದದ್ದು ಇಷ್ಟು: 'ಟೀಚರ ಕಾಗದ ಸುಳ್ಳು. ಬರೆದವನು ನಾನು. ಡಾಕ್ಟರನ್ನು ಕೇಳದೆ ಪಂಪು ಬಿಡಬೇಡಿ.' ಅಚ್ಚು ಹಾಕಿಕೊಡಿ ಎಂದು ಕೇಳಿದಾಗ ಮುದ್ರಣಾಲಯದವರು ನನ್ನ ಮೇಜನ್ನೇ ಖಾಲಿ ಮಾಡಿಸಿದರು.

ಆದ್ದರಿಂದ ಈಗ ಅಕ್ಕನ ಮನೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಕೂತು ಕೈಯಲ್ಲೇ ಪ್ರತಿ ಮಾಡುತ್ತೇನೆ. ಸಂಜೆ ಕ್ಷೌರದಂಗಡಿ, ಔಷಧಿ ಅಂಗಡಿ, ಕರಪತ್ರ ಹೋಗಿದ್ದ ಕಡೆಗೆಲ್ಲ ಕೊಟ್ಟುಬರುತ್ತೇನೆ. ಇವತ್ತಿಗೆ ಇನ್ನೂರ ಎಪ್ಪತ್ತಾಯಿತು. ಅಕ್ಕ ಮಿಷನ್ ನಿಲ್ಲಿಸಿ, ಒಂದು ಪ್ರತಿಯನ್ನೆತ್ತಿ ತೋಳುದ್ದ ದೂರ ಹಿಡಿದು ನೋಡಿದಳು.

"ಅಕ್ಷರ ದೊಡ್ಡದು ಮಾಡೋ. ವಯಸ್ಸಾದೋರಿಗೆ ಕಾಣ್ಬೇಡ್ವಾ?"